ಸ್ಲ್ಯಾಬ್ ಮೇಲೆ ‘ಒಂದ್ನಿಮಿಷ ನಿಲ್ಲು’ ಅನ್ನಬೇಡಿ

ಬಾದಾಮಿಯಲ್ಲಿ ಕ್ಲೈಂಬಿಂಗ್ ಫೋಟೊ ಶೂಟ್ ಅಂದ್ರೆ ನನಗೆ ಖುಷಿ, ಸಾವನದುರ್ಗ ಅಂದ್ರೆ ತಲೆನೋವು. ಬಾದಾಮಿಯ ಕೆಂಪು ಮರಳುಗಲ್ಲು ಗೋಡೆಯ ಹಾಗೆ ನೆಟ್ಟಗೆ ನಿಂತಿದೆ, ಎಲ್ಲಿಂದ ಹೊಡೆದರೂ ಎತ್ತರ ಕಾಣುತ್ತದೆ. ಸಾವನದುರ್ಗದ ಎತ್ತರ ಸಮುದ್ರಮಟ್ಟದಿಂದ 1226 ಮೀಟರ್. ಆದರೆ ಅದು ಬೋಳು ಗ್ರಾನೈಟ್, ಪೂರ್ತಿ ಸ್ಲ್ಯಾಬ್, ಅಂದ್ರೆ ನೆಟ್ಟಗಿರದೆ ಓರೆಯಾಗಿ ಮಲಗಿದ ಬಂಡೆ. ಮೇಲಿನಿಂದ ವೈಡ್ ಲೆನ್ಸ್ ಹಾಕಿದರೆ ಕ್ಲೈಂಬರ್ ಅಂಗಳ ಸಾರಿಸುತ್ತಿದ್ದಾಳೆ ಅನ್ನಿಸುತ್ತದೆ. ಕೆಳಗಿನಿಂದ ಹೊಡೆದರೆ ಬರೀ ಹಿಂಭಾಗ.

ಬಟ್ಟೆ ಕಂಪನಿಯೊಂದರ ಬ್ರೀಫ್‌ನಲ್ಲಿ ಇದ್ದದ್ದು ಇಷ್ಟೇ: ‘ನೋಡಿದ್ರೆ ಮೈ ಜುಂ ಅನ್ನಬೇಕು.’ ಬೆಳಕು ಹರಿಯೋ ಮುಂಚೆ ಬಂಡೆ ಮೇಲಿರಬೇಕು ಅಂತ ಬಡ್ಕೊಂಡಿದ್ದೆ. ಅವರ ಗಾಡಿ ಮಾಗಡಿಯಲ್ಲಿ ತಿಂಡಿಗೆ ನಿಂತಿತು. ನಾನು ಜುಮಾರ್ (ಹಗ್ಗ ಹಿಡಿದು ಏರುವ ಸಾಧನ) ಹಾಕಿ, ಹಿಗ್ಗದ ಸ್ಟ್ಯಾಟಿಕ್ ಹಗ್ಗದಲ್ಲಿ ಜಾಗ ಹಿಡಿಯೋ ಹೊತ್ತಿಗೆ ಬಿಸಿಲು ಬಂದಾಗಿತ್ತು. ಕಲ್ಲು ಕಾದರೆ ಶೂ ರಬ್ಬರ್ ಹಿಡಿತ ಬಿಡುತ್ತದೆ. ಅಲ್ಲಿ ಹಿಡಿಯಲು ಬಿರುಕೂ ಕಡಿಮೆ, ಹಗ್ಗ ಸಿಕ್ಕಿಸಲು ಕಲ್ಲಿಗೆ ಹೊಡೆದ ಬೋಲ್ಟ್‌ಗಳೂ ದೂರ ದೂರ.

ಲೀಡ್ ಮಾಡುತ್ತಿದ್ದ, ಅಂದ್ರೆ ಹಗ್ಗ ಜೊತೆಗೆ ಎಳೆದುಕೊಂಡು ಮೊದಲು ಹತ್ತುತ್ತಿದ್ದ ಹುಡುಗಿ ಒಂದು ಬೋಲ್ಟ್‌ಗೆ ಹಗ್ಗ ಕ್ಲಿಪ್ ಮಾಡಿ ಸಾಕಷ್ಟು ಮೇಲೆ ಬಂದಿದ್ದಳು. ಮುಂದಿನದು ಇನ್ನೂ ದೂರ ಇತ್ತು. 70-200 ಜೂಮ್ ಲೆನ್ಸ್‌ನಲ್ಲಿ ನೋಡಿದರೆ ಹಿಂದೆ ಮಂಚನಬೆಲೆ ಜಲಾಶಯ, ಮುಂದೆ ಅವಳು. ಫ್ರೇಮ್ ಅಂದ್ರೆ ಅದು. ಅಷ್ಟರಲ್ಲಿ ಸೂರ್ಯನಿಗೆ ಮೋಡ ಅಡ್ಡ ಬಂತು.

‘ಒಂದ್ನಿಮಿಷ ನಿಲ್ಲು, ಮೋಡ ಸರೀಲಿ’ ಅಂದೆ.

ನಿಂತಳು. ಪಾಪ, ನಾನು ಹೇಳಿದ್ನಲ್ಲ. ವ್ಯೂಫೈಂಡರ್‌ನಲ್ಲಿ ಎಲ್ಲ ಆರಾಮಾಗೇ ಕಂಡಿತು. ಆಮೇಲೆ ಬಲಗಾಲಿನ ಮೀನಖಂಡ ಸಣ್ಣಗೆ ನಡುಗತೊಡಗಿತು. ನಡುಕ ಮಂಡಿಗೆ ಏರಿತು. ಹಿಮ್ಮಡಿ ಒಂದು ಬೆರಳಿನಷ್ಟು ಕೆಳಗಿಳಿಯಿತು. ಅಂಗೈ ಎರಡೂ ಕಲ್ಲಿಗೆ ಒತ್ತಿಕೊಂಡಿದ್ದವು, ಉಗುರಿನ ತುದಿ ಬೆಳ್ಳಗಾಗಿತ್ತು. ಶೂ ಅಂಚಿನಿಂದ ಒಂದು ಹರಳು ಕಿತ್ತು ಟಿಕ್ ಟಿಕ್ ಅಂತ ಕೆಳಗೆ ಹೋಯಿತು. ನಾನಿನ್ನೂ ಮೋಡ ನೋಡ್ತಿದ್ದೆ. ‘ಅಣ್ಣಾ, ಸುಮ್ನಿರಿ! ಅವಳನ್ನ ಬಿಡಿ!’ ಅಂತ ಕೆಳಗೆ ಅವಳ ಹಗ್ಗ ಹಿಡಿದಿದ್ದ ಬಿಲೇಯರ್ ಕೂಗಿದ. ಅವಳು ಉತ್ತರ ಕೊಡಲಿಲ್ಲ. ಪುಟಪುಟ ಅಂತ ನಾಲ್ಕು ಹೆಜ್ಜೆ ಹಾಕಿ ಕ್ಲಿಪ್ ಮಾಡಿದಳು. ಆಮೇಲೆ ನನಗೆ ಬೈದದ್ದನ್ನು ಇಲ್ಲಿ ಬರೆಯಲಾಗದು.

ಜಾರಿದ್ದರೆ ಅದು ಗಾಳಿಯಲ್ಲಿ ಬೀಳೋದಲ್ಲ. ಹಿಂದಿನ ಬೋಲ್ಟ್ ದಾಟಿ, ಅಷ್ಟೇ ದೂರ ಮತ್ತೆ ಕೆಳಕ್ಕೆ, ಉದ್ದಕ್ಕೂ ಕಲ್ಲಿಗೆ ಮೈ ಉಜ್ಜಿಕೊಂಡೇ ಹೋಗಬೇಕು. ಕಡಿದಾದ ಗೋಡೆಯಲ್ಲಿ ಒಳ್ಳೆ ಹಿಡಿ ಸಿಕ್ಕಾಗ ಕ್ಲೈಂಬರ್‌ಗೆ ‘ನಿಲ್ಲು’ ಅಂದರೆ ನಡೆಯುತ್ತದೆ, ಕೈ ಕೊಡವಿಕೊಳ್ಳುತ್ತಾರೆ. ಸ್ಲ್ಯಾಬ್‌ನಲ್ಲಿ ನಡೆಯೋದೇ ಸಲೀಸು, ನಿಲ್ಲೋದೇ ಕಷ್ಟ. ಲೆನ್ಸ್ ಕಲ್ಲನ್ನು ಚಪ್ಪಟೆ ಮಾಡಿ ಗಿರಾಕಿಗೆ ಮೋಸ ಮಾಡುತ್ತದೆ ಅಂತ ಗೊಣಗುವ ನಾನೂ ಅದೇ ಲೆನ್ಸ್‌ನಲ್ಲೇ ನೋಡ್ತಿದ್ದೆ, ಅಲ್ವಾ?

ಈಗ ರನ್‌ಔಟ್‌ನಲ್ಲಿ, ಅಂದ್ರೆ ಹಿಂದಿನ ಬೋಲ್ಟ್‌ನಿಂದ ದೂರ ಬಂದು ಮುಂದಿನದು ಸಿಗದೆ ಇರುವವರ ಜೊತೆ ನಾನು ಮಾತೇ ಆಡಲ್ಲ. ಏನಿದ್ದರೂ ಬಿಲೇಯರ್ ಹೇಳಬೇಕು. ಪೋಸ್ ಬೇಕೇ ಬೇಕು ಅಂದ್ರೆ ಆಮೇಲೆ ಟಾಪ್ ರೋಪ್ (ಮೇಲಿನಿಂದ ಕಟ್ಟಿದ ಹಗ್ಗ) ಹಾಕಿ ಮಾಡಿಸ್ತೀನಿ. ಕ್ಲೈಂಬರ್ ತಲೆ ಮೇಲೆ ಲೆನ್ಸ್ ಬದಲಾಯಿಸಲ್ಲ, ಬೀಳದಿರಲಿ ಅಂತ ಲೆನ್ಸ್ ಹುಡ್‌ಗೂ ಟೇಪ್. ಮತ್ತೆ, ಮೇಲಿನಿಂದಲ್ಲ, ಪಕ್ಕದಿಂದ ಹೊಡೀತೀನಿ. ಬಂಡೆಯ ಓರೆ ಕಾಣೋದು ಪಕ್ಕದಿಂದಲೇ. ಇಳಿಬಿಸಿಲಿದ್ದರೆ ಹರಳಿನ ನೆರಳೂ ಸಿಗುತ್ತದೆ.

ಆರಿಸಿದ ಫೋಟೊಗಳನ್ನು ಕಳಿಸಿದ ಮೇಲೆ ಮಾರ್ಕೆಟಿಂಗ್‌ನಿಂದ ಫೋನು. ‘ಭಯಾನೇ ಇಲ್ವಲ್ಲ ಸರ್, ಫೋಟೊ ಸ್ವಲ್ಪ ತಿರುಗಿಸಿ ಕೊಡಿ, ನೆಟ್ಟಗೆ ಕಾಣ್ಲಿ.’ ಅವಳ ಕಾಲು ನಡುಗುತ್ತಿದ್ದ ಫೋಟೊ ಬಗ್ಗೆ ಹೇಳಿದ್ದು! ಆಗಲ್ಲ ಅಂದೆ. ನೇರ ಕೆಳಗೆ ನೇತಾಡಬೇಕಾದ ಚಾಕ್ ಬ್ಯಾಗ್ (ಕೈಗೆ ಹಚ್ಚೋ ಪುಡಿಯ ಚೀಲ) ದಾರ ಓರೆಯಾಗುತ್ತೆ, ಮರ ಸೊಟ್ಟಗಾಗುತ್ತೆ, ಕ್ಲೈಂಬಿಂಗ್ ಗೊತ್ತಿರೋರು ನಗ್ತಾರೆ ಅಂತ ವಿವರಿಸಿದೆ. ‘ಓಕೆ ಸರ್’ ಅಂದ್ರು.

ಅವರೇ ತಿರುಗಿಸಿ ಹಾಕಿದ್ದಾರೆ. ಜಲಾಶಯದ ನೀರು ಎಡಕ್ಕೆ ವಾಲಿ ನಿಂತಿದೆ. ‘ಅಣ್ಣಾ, ಮಂಚನಬೆಲೆ ಡ್ಯಾಮ್ ಒಡೆದೋಯ್ತಾ?’ ಅಂತ ಅದೇ ಬಿಲೇಯರ್ ಫೋನ್ ಮಾಡಿದ್ದ. ಕ್ರೆಡಿಟ್‌ನಲ್ಲಿ ನನ್ನ ಹೆಸರನ್ನು ಮಾತ್ರ ದಪ್ಪಕ್ಷರದಲ್ಲಿ ಹಾಕಿದ್ದಾರೆ. ಬಿಲ್ ಇನ್ನೂ ಪಾಸಾಗಿಲ್ಲ.