ಒಂದು ಲಾಟಿಗೆ ಒಂದೇ ದರ

ಪಿಯುಸಿ ಮೊದಲ ವರ್ಷದ ಗಣಿತದಲ್ಲಿ ಎರಡನೇ ಅಧ್ಯಾಯ ಸಂಬಂಧಗಳು ಮತ್ತು ಉತ್ಪನ್ನಗಳು. ಇಂಗ್ಲಿಷಿನ ಫಂಕ್ಷನ್‌ಗೆ ಇಲ್ಲಿ ಉತ್ಪನ್ನ ಅನ್ನುತ್ತಾರೆ. ಬ್ಯಾಡಗಿಯ ಹುಡುಗರಿಗೆ ಉತ್ಪನ್ನ ಅಂದರೆ ಒಂದೇ ಅರ್ಥ, ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ ಅಂತ ಬೋರ್ಡಿನ ಮೇಲೆ ಬರೆದದ್ದು. ಅದು ಗಣಿತದೊಳಗೆ ಹೇಗೆ ಬಂತೋ ತಿಳಿಯಲಿಲ್ಲ.

ಸರ್ ಹಲಗೆಯ ಮೇಲೆ ಎಫ್ ಆಫ್ ಎಕ್ಸ್ ಬರೆದರು. "ಎಕ್ಸ್ ಇದ್ದಲ್ಲಿ 2 ಹಾಕಿದ್ರ?" ಎಂದು ನನ್ನನ್ನೇ ಎಬ್ಬಿಸಿದರು.

"2ಎಫ್, ಸರ್."

ಅಕ್ಷರದ ಪಕ್ಕ ಆವರಣ ಕಂಡರೆ ಗುಣಿಸಿಯೇ ರೂಢಿ. ಸರ್ ನಗಲಿಲ್ಲ. "ಆಯ್ಲರ್ ಅನ್ನೋ ಗಣಿತಜ್ಞ 1734ರಾಗ ಈ ಗುರುತು ಬಳಸ್ಯಾನ. ಗುಣಿಸೋದಕ್ಕಲ್ಲೋ ತಮ್ಮಾ," ಅಂದು, "ನಿಮ್ಮಪ್ಪಾರು ಎಲ್ಲಿರ್ತಾರ?" ಎಂದರು.

ಅಪ್ಪ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲ. ಮಾರಾಟಕ್ಕಿಟ್ಟ ಒಂದೊಂದು ರಾಶಿಗೆ ಅಲ್ಲಿ ಲಾಟು ಅನ್ನುತ್ತಾರೆ. ಪೇಟೆಯ ದಿನಗಳಾದ ಸೋಮವಾರ, ಗುರುವಾರ ಮನೆಗೆ ಬಂದರೆ ಅವನ ಅಂಗಿ ಕೊಡವಿದವರಿಗೆಲ್ಲ ಸೀನು.

"ಪ್ಯಾಟ್ಯಾಗ ಒಂದು ಲಾಟಿಗೆ ಎಷ್ಟು ದರ ಬೀಳತಾವ?"

"ಒಂದ, ಸರ್."

"ಹತ್ತು ಲಾಟಿಗೆ ಒಂದ ದರ ಬಿದ್ರ?"

"ಬೀಳಬಹುದು. ಡಬ್ಬಿ ಮೆಣಸಿನಕಾಯಿ ಒಂದ ನಮೂನಿ ಇದ್ರ."

"ಅಷ್ಟ ನೋಡು. ಲಾಟು ಎಕ್ಸ್, ದರ ವೈ. ಇದಕ್ಕ ಉತ್ಪನ್ನ ಅಂತಾರ."

ಹಿಂದಿನ ಬೆಂಚಿನಿಂದ ಯಾರೋ, ದರ ಹೇಳಿದರೆ ಲಾಟು ಹೇಳಬಹುದೇ ಎಂದು ಕೇಳಿದ. ಹತ್ತರಲ್ಲಿ ಯಾವುದು ಅಂತ ಹೇಳೋದು? ತಿರುಗಿಸಿದರೆ ಅದು ಉತ್ಪನ್ನವಲ್ಲ. ಪುಸ್ತಕದಲ್ಲಿ ಒಂದು ಪುಟ ತಿಂದಿದ್ದ ಮಾತು ಅರ್ಧ ನಿಮಿಷದಲ್ಲಿ ಮುಗಿಯಿತು.

ಆಮೇಲೆ ನಕ್ಷೆ. ವೃತ್ತ ಬರೆದು, ಅದರ ಮೇಲೆ ಸ್ಕೇಲನ್ನು ನೆಟ್ಟಗೆ ನಿಲ್ಲಿಸಿ ಎಡದಿಂದ ಬಲಕ್ಕೆ ಸರಿಸಿದರು. ಸ್ಕೇಲು ಗೆರೆಯನ್ನು ಎರಡು ಕಡೆ ಮುಟ್ಟಿತು. "ಒಂದ ಲಾಟಿಗೆ ಎರಡು ದರ! ಜಗಳ ಹತ್ತೂದಿಲ್ಲೇನು?" ಹಾಗಾಗಿ ವೃತ್ತ ಉತ್ಪನ್ನವಲ್ಲ. ಲಾಟುಗಳ ಗುಂಪಿಗೆ ಕ್ಷೇತ್ರ, ಅವಕ್ಕೆ ಬಿದ್ದ ದರಗಳ ಗುಂಪಿಗೆ ವ್ಯಾಪ್ತಿ ಎಂಬ ಪದಗಳನ್ನೂ ಅಂದೇ ಹೇಳಿದ್ದರು. ಅವು ಮಾತ್ರ ನನಗೆ ಪರೀಕ್ಷೆಯವರೆಗೂ ಅದಲುಬದಲು.

ನನ್ನ ದೊಡ್ಡ ತಪ್ಪು ಮರುದಿನದ್ದು. ವೈ ಸಮ ಎಕ್ಸ್ ವರ್ಗದ ಕೋಷ್ಟಕ ಮಾಡಿ, ಗ್ರಾಫ್ ಹಾಳೆಯಲ್ಲಿ ಒಂದು ಸೆಂಟಿಮೀಟರಿಗೆ ಒಂದು ಮಾನ ಹಿಡಿದು, 0, 1, 2, 3ಕ್ಕೆ ಚುಕ್ಕಿ ಇಟ್ಟೆ. ಸ್ಕೇಲ್ ಹಚ್ಚಿ ಒಂದೊಂದೇ ಚುಕ್ಕಿ ಕೂಡಿಸಿದೆ. ಅಚ್ಚುಕಟ್ಟಾಗಿದೆ ಎಂದು ಜಂಬ ಬೇರೆ.

ಸರ್ ಬಗ್ಗಿ, ಪೆನ್ಸಿಲ್ ತುದಿಯನ್ನು ಒಂದೂವರೆಯ ಮೇಲಿಟ್ಟರು. "ಇಲ್ಲಿ ಎಷ್ಟು?" ನನ್ನ ಗೆರೆ ಎರಡೂವರೆ ಅನ್ನುತ್ತಿತ್ತು. ಗುಣಿಸಿ ನೋಡಿದರೆ 2.25. ಎರಡೂವರೆ ಚಿಕ್ಕ ಮನೆ ಕೆಳಗೆ! ಅಲ್ಲೊಂದು ಚುಕ್ಕಿ, ನಡುವೆ ಮತ್ತೊಂದು, ಅವುಗಳ ನಡುವೆ ಇನ್ನೊಂದು. ಇಡುತ್ತ ಹೋದಂತೆ ನನ್ನ ನೇರ ಗೆರೆಗಳ ಕೆಳಗೆ ಒಂದು ಬಾಗು ಜೋತುಬಿದ್ದು ಕಾಣಿಸಿತು, ಎರಡು ಕಂಬಗಳ ನಡುವಿನ ತಂತಿಯ ಹಾಗೆ.

"ಕೈಲೇ ಬಿಡಿಸು," ಎಂದು ಸ್ಕೇಲು ಕಸಿದು ತಮ್ಮ ಟೇಬಲ್ಲಿನ ಖಾನೆಯಲ್ಲಿಟ್ಟರು. ವರ್ಷದ ಕೊನೆಗೆ ಕೇಳಲು ಹೋದೆ. ಖಾನೆ ಎಳೆದರೆ ಒಳಗೆ ಹದಿನಾಲ್ಕು ಸ್ಕೇಲುಗಳು. ನನ್ನದು ಯಾವುದೆಂದು ಗುರುತು ಹತ್ತಲಿಲ್ಲ.