ಬ್ಲಾಕಿನೊಳಗೆ ಮಾಂತ್ರಿಕ

ಬಿಟ್‌ಕಾಯಿನ್‌ನಲ್ಲಿ ದುಡ್ಡಿನ ಲೆಕ್ಕ ಬಿಟ್ಟು ಬೇರೇನೂ ಇರಕೂಡದು ಅನ್ನೋ ವಾದ ಕೇಳಿದಾಗೆಲ್ಲ ನನಗೆ ಅದರ ಮೊದಲ ಬ್ಲಾಕೇ (ವಹಿವಾಟುಗಳನ್ನು ಬರೆದಿಡೋ ಲೆಕ್ಕದ ಪುಟ ಅನ್ನಿ) ನೆನಪಾಗುತ್ತೆ. ಬಿಟ್‌ಕಾಯಿನ್ ಹುಟ್ಟುಹಾಕಿದ ಸತೋಶಿ ಅದರಲ್ಲಿ 2009ರ ಜನವರಿ 3ರ ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆಯ ತಲೆಬರಹವನ್ನೇ ಸೇರಿಸಿಟ್ಟಿದ್ದ. ಬ್ಯಾಂಕುಗಳಿಗೆ ಎರಡನೇ ಸಲ ನೆರವು ಕೊಡೋ ಸುದ್ದಿ. ಅದೇನು ವಹಿವಾಟಿನ ಲೆಕ್ಕವೇ?

ಹಾಗಂತ ವಿರೋಧಿಸುವವರು ಸುಮ್ಮನೆ ಕೂಗಾಡ್ತಿಲ್ಲ. 2023ರಲ್ಲಿ ಬ್ಲಾಕಿನೊಳಗೆ ಚಿತ್ರ, ಬರಹ ಸೇರಿಸೋ ಆರ್ಡಿನಲ್ಸ್ ಅನ್ನೋ ವಿಧಾನ ಬಂದ ಹೊಸದರಲ್ಲಿ ಒಬ್ಬ ಮಾಂತ್ರಿಕನ ಚಿತ್ರ ಹೆಚ್ಚುಕಮ್ಮಿ 4 ಎಂಬಿಯ ಇಡೀ ಬ್ಲಾಕನ್ನೇ ನುಂಗಿತ್ತು. ಹಾಕಿದವರು ಹಾಕಿ ಹೋದರು. ಇಳಿಸಿಕೊಂಡು ಪರಿಶೀಲಿಸೋ ಕೆಲಸ ಮನೆಯಲ್ಲಿ ನೋಡ್ (ಬ್ಲಾಕುಗಳನ್ನು ಪರಿಶೀಲಿಸೋ ಕಂಪ್ಯೂಟರ್) ಓಡಿಸೋರ ಪಾಲಿಗೆ.

ಆದರೂ ನನ್ನ ಒಲವು ಡೇಟಾ ಮಿತಿಯನ್ನು ಸಡಿಲಿಸಿದ, ಬಿಟ್‌ಕಾಯಿನ್‌ನ ಮುಖ್ಯ ತಂತ್ರಾಂಶ ಬರೆಯೋ ಕೋರ್ ತಂಡದ ಕಡೆಗೇ. ಬಿಗಿ ಮಾಡಿದಷ್ಟೂ ಜನ ನಕಲಿ ವಿಳಾಸಗಳೊಳಗೆ ಡೇಟಾ ತುರುಕ್ತಾರೆ. ಆ ವಿಳಾಸಗಳಿಗೆ ಹೋಗಿ ಎಂದೂ ಖರ್ಚಾಗದ ಹಣದ ನಮೂದುಗಳನ್ನು (ಔಟ್‌ಪುಟ್) ನೋಡ್‌ಗಳು ಹೊತ್ತೇ ಇರಬೇಕು. ವಹಿವಾಟಿನಲ್ಲಿ ಡೇಟಾ ಇಡೋಕೆ ಬಳಸೋ ಓಪಿ ರಿಟರ್ನ್ ಅನ್ನೋ ಜಾಗಕ್ಕೆ ಆ ಕಾಟ ಇಲ್ಲ. 2025ರ ಅಕ್ಟೋಬರಿನಲ್ಲಿ ಬಂದ ಕೋರ್ ತಂತ್ರಾಂಶದ 30ನೇ ಆವೃತ್ತಿಯಲ್ಲಿ ಅದರ ಡೀಫಾಲ್ಟ್ ಮಿತಿ 83 ಬೈಟ್‌ನಿಂದ 1,00,000ಕ್ಕೆ ಏರಿತು. ಸಿಟ್ಟಾದ ಹಲವರು ಕೋರ್‌ಗೆ ಬದಲಾಗಿ ಬಳಸೋ ನಾಟ್ಸ್ ತಂತ್ರಾಂಶಕ್ಕೆ ಹೊರಟರು. (ಆ ಜಗಳದ ಭಾಷೆ ಮಾತ್ರ ಕೇಳಬಾರದು ಬಿಡಿ.) ಅಲ್ಲಿ ಇಂಥ ಡೇಟಾ ತಡೆಯೋ ಬಿಗಿಯಾದ ಫಿಲ್ಟರ್ ಇದೆ, ನಿಜ. ಆದರೆ ಹೊಸ ಬ್ಲಾಕ್ ಕಟ್ಟೋ ಮೈನರ್ ಒಮ್ಮೆ ಬ್ಲಾಕಿಗೆ ಸೇರಿಸಿದ ಮೇಲೆ ನಾಟ್ಸ್ ನೋಡೂ ಅದನ್ನು ಒಪ್ಪಿಕೊಳ್ಳಲೇಬೇಕು.