ರಾತ್ರಿ ಎರಡು ಗಂಟೆಯ ವಾರ್ಡು

ಅಮ್ಮನ ಮಂಡಿ ಆಪರೇಷನ್ ಆಗಿ ಇವತ್ತಿಗೆ ಮೂರನೇ ರಾತ್ರಿ. ನನಗೆ ನಿದ್ದೆ ಇಲ್ಲ.

ಈಗಷ್ಟೇ ನರ್ಸಿಂಗ್ ಓದುತ್ತಿರುವ ಹುಡುಗಿಯೊಬ್ಬಳು ಬಂದಿದ್ದಳು. ಅಮ್ಮನ ಮಣಿಕಟ್ಟು ಹಿಡಿದು, ಸೆಕೆಂಡ್ ಮುಳ್ಳು ನೋಡುತ್ತಾ ತುಟಿಯಲ್ಲೇ ಎಣಿಸಿದಳು. ಪೂರ್ತಿ ಒಂದು ನಿಮಿಷ. ಚಾರ್ಟಿನಲ್ಲಿ ಬರೆದುಕೊಂಡು, "ನೋವು ಜಾಸ್ತಿ ಇದ್ಯಾ ಅಜ್ಜಿ?" ಅಂದಳು.

ಹೀಗೆ ಎಣಿಸುವುದನ್ನೂ ಯಾರೋ ಕೂರಿಸಿಕೊಂಡು ಕಲಿಸಿರಬೇಕು, ಅಲ್ವಾ? ಫ್ಲಾರೆನ್ಸ್ ನೈಟಿಂಗೇಲ್ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ಗೆ ಹೋಗಿ ಸುಮಾರು ಮೂರು ತಿಂಗಳು ಈ ಕೆಲಸ ಕಲಿತು ಬಂದರು. ಆಮೇಲೆ ಕ್ರಿಮಿಯಾ ಯುದ್ಧ; ಗಾಯಗೊಂಡ ಬ್ರಿಟಿಷ್ ಸೈನಿಕರ ಆರೈಕೆಗೆ ಹೋದರು. ಆ ಹೊತ್ತಿನಲ್ಲಿ ಅವರ ಹೆಸರಲ್ಲಿ ಜನ ಕೂಡಿಸಿಕೊಟ್ಟ ದುಡ್ಡಿನಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆ ಶುರುವಾಯಿತು. ಒಂದು ವರ್ಷದ ತರಬೇತಿ. ಊಟ, ವಸತಿ, ಸಮವಸ್ತ್ರ ಎಲ್ಲ ಶಾಲೆಯದ್ದೇ.

ಅಲ್ಲಿನ ಒಂದು ವಿಷಯ ನನ್ನ ಮನಸ್ಸಿಗೆ ಹಿಡಿದುಬಿಟ್ಟಿದೆ. ನರ್ಸುಗಳ ಮೇಲ್ವಿಚಾರಕಿ, ಅಂದರೆ ಮೇಟ್ರನ್, ವಾರ್ಡ್ರೋಪರ್ ಒಬ್ಬೊಬ್ಬ ಹುಡುಗಿಯ ಬಗ್ಗೆಯೂ ತಿಂಗಳು ತಿಂಗಳು ಒಂದು ಹಾಳೆ ತುಂಬಿಸುತ್ತಿದ್ದರು. ಸಮಯಕ್ಕೆ ಬರುತ್ತಾಳಾ, ಚೊಕ್ಕಟವಾಗಿರುತ್ತಾಳಾ, ನಂಬಬಹುದಾ, ಸದ್ದು ಮಾಡದೆ ಓಡಾಡುತ್ತಾಳಾ. ಸದ್ದು ಮಾಡದಿರುವುದನ್ನೂ ಕಲಿಯಬೇಕಾದ ಪಾಠ ಅಂತ ಹಾಳೆಯಲ್ಲಿ ಬರೆದಿಟ್ಟರಲ್ಲ! ಮೂರು ರಾತ್ರಿ ಇಲ್ಲಿ ಕೂತ ಮೇಲೆ ಅದರ ಬೆಲೆ ನನಗೆ ಚೆನ್ನಾಗಿ ಗೊತ್ತಾಗಿದೆ.

ಆ ಹುಡುಗಿ ಈಗ ಪಕ್ಕದ ಬೆಡ್ಡಿನ ಹತ್ತಿರ ಇದ್ದಾಳೆ. ಸ್ಟೂಲನ್ನು ಎಳೆಯಲಿಲ್ಲ. ಎರಡೂ ಕೈಯಲ್ಲಿ ಎತ್ತಿ, ಮೆಲ್ಲಗೆ ಇಟ್ಟಳು.